ಬೆಕ್ಕು ಹೊರಗೆ, ಅತ್ತೆ ಒಳಗೆ

ನಮ್ಮ ಮನೆಯಲ್ಲಿ ಬೆಕ್ಕಿದೆ. ನಮ್ಮ ಅತ್ತೆಗೆ ಬೆಕ್ಕು ಆಗುವುದಿಲ್ಲ, ಹತ್ತಿರ ಬಂದರೆ ಉಬ್ಬಸ ಹತ್ತುತ್ತದೆ. ಈ ಎರಡು ಮಾತನ್ನು ಒಟ್ಟಿಗೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಬುದ್ಧಿ ಹೇಳುತ್ತಾರೆ. ಐದು ವರ್ಷದಿಂದ ಹೇಳಿಸಿಕೊಂಡಿದ್ದೇನೆ. ಬೆಕ್ಕು ಇನ್ನೂ ಇದೆ. ಅತ್ತೆಯೂ ಇದ್ದಾರೆ. ಬುದ್ಧಿ ಹೇಳಿದವರಲ್ಲಿ ಒಬ್ಬರಿಗೂ ನಡೆದದ್ದನ್ನು ನಾನು ಪೂರ್ತಿ ಹೇಳಿಲ್ಲ. ಪೂರ್ತಿ ಕೇಳುವಷ್ಟು ಹೊತ್ತು ಯಾರೂ ನಿಲ್ಲಲಿಲ್ಲ.

ಬೆಕ್ಕು ತಂದವಳು ನಾನಲ್ಲ, ಅತ್ತೆಯೇ. ತಮಿಳುನಾಡಿಗೆ ಸೇರಿದ ಗಡಿಯೂರು ತಿಗನಾರೆಯ ನಮ್ಮ ಮನೆಯಲ್ಲಿ ನಾನು, ಗಂಡ, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು, ನಾಲ್ಕೇ ಜನ. ನಡುಮನೆಗೆ ಅಂಟಿಕೊಂಡ ಹಾಗೆ ಒಂದು ಕತ್ತಲ ಕೋಣೆ. ರಾಗಿ, ಮುಸುಕಿನ ಜೋಳ, ಹುರುಳಿ, ಬಿತ್ತನೆಗೆ ತೆಗೆದಿಟ್ಟ ಬೀಜ ಎಲ್ಲ ಅಲ್ಲಿಯೇ. ಹೊಲದಲ್ಲಿ ಹಂದಿ, ಆನೆ ತಿಂದು ಬಿಟ್ಟದ್ದನ್ನು ನಾವು ಮನೆಗೆ ತರುತ್ತಿದ್ದೆವು; ಮನೆಗೆ ತಂದದ್ದನ್ನು ಇಲಿ ತಿನ್ನುತ್ತಿತ್ತು. ಚೀಲದ ಮೂಲೆ ಮೂಲೆಗೆ ತೂತು. ಪಾಷಾಣ ಇಡೋಣವೆಂದರೆ ದನಕ್ಕೆ ಹಾಕುವ ತೌಡು, ಬೂಸವೂ ಅದೇ ಕೋಣೆಯಲ್ಲಿತ್ತು. ಒಂದು ದಿನ ಅತ್ತೆ ಗಡಿಯಾಚೆ ತಮ್ಮ ತಂಗಿಯ ಊರಿಗೆ ಹೋದವರು ಬರುವಾಗ ವಯರ್ ಬುಟ್ಟಿಯೊಳಗೆ ಟವೆಲ್ ಸುತ್ತಿ ಒಂದು ಗಂಡುಮರಿ ತಂದರು. ಬೂದಿ ಬಣ್ಣ, ಬೆನ್ನ ಮೇಲೆ ಕಪ್ಪು ಪಟ್ಟೆ, ಒಂದು ಕಿವಿಯ ತುದಿ ಹರಿದಿತ್ತು. ಹೆಸರು ಇಡಲಿಲ್ಲ. ಕೂಗಬೇಕಾದಾಗ ಅತ್ತೆ 'ಬಾ ಕೂಸೆ' ಅನ್ನುತ್ತಿದ್ದರು.

ನನಗೆ ಆ ಕೂಗು ಕೇಳಿದರೆ ಸ್ವಲ್ಪ ಉರಿಯುತ್ತಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷವಾಗಿತ್ತು. ನಾವಿಬ್ಬರೂ ಜಗಳವಾಡಿದವರಲ್ಲ. ಜಗಳವಾಡುವಷ್ಟು ಮಾತೇ ನಮ್ಮ ನಡುವೆ ಇರಲಿಲ್ಲ. ಉಪ್ಪು ಮುಗಿದಿದೆ, ಎಮ್ಮೆ ಒದೆಯಿತು, ನೀರು ಬಂತು, ಕೂಲಿಯವರು ನಾಳೆ ಬರುವುದಿಲ್ಲ, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಮಾವ ತೀರಿಕೊಂಡ ಮೇಲೆ ಅವರು ಕಾಳಿನ ಕೋಣೆಯ ಬಾಗಿಲಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಬೆಕ್ಕು ಬಂದ ಮೇಲೆ ಅದು ಅವರ ಕಾಲ ಬಳಿ, ಕಂಬಳಿಯ ಮಡಿಕೆಯಲ್ಲಿ ಮಲಗಿತು. ಇಲಿಗಳು ಕಡಿಮೆಯಾದವು. ಅತ್ತೆ ಸೀನತೊಡಗಿದರು.

ಮೊದಲು ರಾಗಿ ಧೂಳು ಅಂದುಕೊಂಡೆವು. ಆಮೇಲೆ ಚಳಿ ಅಂದುಕೊಂಡೆವು. ಕಣ್ಣು ಕೆಂಪಗಾಗಿ ನೀರು ಸೋರಿದರೆ ಒಲೆಯ ಹೊಗೆ ಅಂದೆವು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಒಂದೊಂದರ ಮೇಲೆ ಹಾಕುತ್ತ ಕಳೆದೆವು. ಒಂದು ಬೆಳಿಗ್ಗೆ ಕಂಬಳಿ ಕೊಡವಿ ಮಡಿಸುತ್ತಿದ್ದವರು ಹಾಗೇ ಗೋಡೆ ಹಿಡಿದು ಕೂತುಬಿಟ್ಟರು. ಮಾತು ಬರುತ್ತಿಲ್ಲ. ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ ಸದ್ದು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಗಂಡ ಓಡಿ ಹೋಗಿ ಆಟೋ ತಂದರು. ತಾಳವಾಡಿ ಆಸ್ಪತ್ರೆ ತಲುಪುವವರೆಗೆ ನಾನು ಅತ್ತೆಯನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತಿದ್ದೆ. ಅವರ ಬೆನ್ನು ಎಷ್ಟು ಸಣ್ಣದು ಎಂದು ನನಗೆ ಆ ದಿನವೇ ಗೊತ್ತಾದದ್ದು. ಎದುರಿಗೆ ಕೂತ ನನ್ನ ಗಂಡ ಅವರ ಪಾದ ಹಿಡಿದುಕೊಂಡು, 'ಉಸ್ರು ಎಳ್ಕೊ ಅವ್ವ, ಎಳ್ಕೊ' ಅನ್ನುತ್ತಲೇ ಇದ್ದರು. ಮುಂದೆ ಅವರು ಮಾಡಿದ ಕೆಲಸಕ್ಕೆ ನಾನು ಎಷ್ಟು ಸಿಟ್ಟಾದರೂ ಆ ಆಟೋದಲ್ಲಿ ಕಂಡ ಅವರ ಮುಖವನ್ನು ಮರೆಯಲಾಗಿಲ್ಲ.

ಮೂಗಿಗೆ ಹೊಗೆಯಂಥ ಔಷಧಿ ಹಿಡಿದ ಮೇಲೆ ಉಸಿರು ಹದಕ್ಕೆ ಬಂತು. ಎರಡು ವಾರ ಕಳೆದು ಚಾಮರಾಜನಗರದಲ್ಲಿ ಅಲರ್ಜಿ ನೋಡುವ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಸಣ್ಣ ವಯಸ್ಸಿನ ಹೆಂಗಸು, ನಿಧಾನಕ್ಕೆ ಮಾತಾಡುತ್ತಿದ್ದರು.

'ಮನೇಲಿ ಏನೇನು ಸಾಕಿದ್ದೀರ ಅಜ್ಜಿ?'

'ದನ, ಎಮ್ಮೆ,' ಅಂದರು ಅತ್ತೆ. 'ಎಲ್ಡು ಆಡು.'

'ಅಷ್ಟೇನಾ?'

'ಅಷ್ಟೆಯ.'

ನಾನು, 'ಬೆಕ್ಕೂ ಇದೆ ಡಾಕ್ಟ್ರೆ. ಕಾಲ ಹತ್ರಾನೇ ಮಲಗ್ತದೆ,' ಅಂದೆ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಕೈ ಮುಂದೆ ಚಾಚಿಕೊಂಡು ಕೂತರು. ಡಾಕ್ಟರು ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಸಾಲಾಗಿ ಹನಿ ಬಿಟ್ಟು, ಪ್ರತಿ ಹನಿಯ ಮೇಲೂ ಸೂಜಿಯ ಮೊನೆ ತಾಗಿಸಿದರು. ಕಾಲು ಗಂಟೆಯಲ್ಲಿ ಮನೆಧೂಳಿನ ಹನಿ ಸೊಳ್ಳೆ ಕಚ್ಚಿದಷ್ಟು ಊದಿತು. ಬೆಕ್ಕಿನದು ಹುಣಸೆ ಬೀಜದಷ್ಟು ಊದಿ ಸುತ್ತಲೂ ಕೆಂಪಾಯಿತು. ಅತ್ತೆ ಅದನ್ನು ಸೆರಗಿನಿಂದ ಮುಚ್ಚಲು ನೋಡಿದರು.

ಡಾಕ್ಟರು ಬಿಡಿಸಿ ಹೇಳಿದರು. ತೊಂದರೆ ಕೂದಲಿನದ್ದಲ್ಲ. ಬೆಕ್ಕು ಮೈ ನೆಕ್ಕಿಕೊಳ್ಳುತ್ತದಲ್ಲ, ಆ ಎಂಜಲು ಒಣಗಿ, ಚರ್ಮದ ಹೊಟ್ಟಿನ ಜೊತೆ ಪುಡಿಯಾಗಿ ಗಾಳಿಯಲ್ಲಿ ಹಾರುತ್ತದೆ. ಬಟ್ಟೆ, ಕಂಬಳಿ, ಗೋಡೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಬೆಕ್ಕು ಹೋದರೂ ತಿಂಗಳುಗಟ್ಟಲೆ ಇರುತ್ತದೆ. 'ಯಾರಿಗಾದ್ರೂ ಕೊಟ್ಬಿಡೋದು ಒಳ್ಳೇದು. ಆಗೋದೇ ಇಲ್ಲ ಅಂದ್ರೆ ಮನೆಯೊಳಗಂತೂ ಕಾಲಿಡಬಾರದು,' ಅಂದರು. ದಿನಾ ಬೆಳಿಗ್ಗೆ ಸಂಜೆ ಎಳೆದುಕೊಳ್ಳಲು ಒಂದು ಔಷಧಿ, ಉಸಿರು ಕಟ್ಟಿದಾಗ ಎಳೆದುಕೊಳ್ಳಲು ಇನ್ನೊಂದು ಕೊಟ್ಟರು. ಚೆನ್ನಾಗಿದ್ದೀನಿ ಅಂತ ದಿನದ್ದನ್ನು ಬಿಡಬಾರದು ಎಂದು ಮೂರು ಸಲ ಹೇಳಿದರು.

ಬಸ್ಸಿನಲ್ಲಿ ಅತ್ತೆ ಬೇರೆ ಸೀಟಿನಲ್ಲಿ ಕೂತರು. ಮನೆಗೆ ಬಂದು ನಾನು ಡಾಕ್ಟರ ಮಾತನ್ನೆಲ್ಲ ಗಂಡನಿಗೆ ಹೇಳಿದೆ. ಎರಡೂ ಮಾತು ಹೇಳಿದೆ. ಅವರು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡರು.

'ನಾಳೀಕೇ ಕಳಿಸ್ಬುಡಾನ,' ಅಂದರು.

'ಯಾಕ್ಲಾ? ನನ್ ಮೂಗು, ನನ್ ಎದ. ಸತ್ರೆ ನಾ ಸಾಯ್ತಿನಿ,' ಅಂದರು ಅತ್ತೆ.

'ನೀ ಸಾಯದ್ ನೋಡ್ಕಂಡು ನಾ ಕೂತಿರನಾ?'

ಅತ್ತೆ ಬೆಕ್ಕನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೋಗುವ ಮೊದಲೇ ಎರಡು ಸಲ ಸೀನಿದರು.

ಅದಾಗಿ ಮೂರನೆಯ ದಿನ ಪಂಪಿನ ಸಾಮಾನು ತರಬೇಕೆಂದು ನನ್ನ ಗಂಡ ದಿಂಬದ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರು. ಸಂಜೆ ಅತ್ತೆ ಹಾಲಿನ ತಟ್ಟೆ ಇಟ್ಟುಕೊಂಡು ಕೂಗಿಯೇ ಕೂಗಿದರು. ಬೆಕ್ಕು ಬರಲಿಲ್ಲ. ಗಂಡ ಬಂದವರು ಸುಳ್ಳು ಹೇಳಲಿಲ್ಲ. ಚಪ್ಪಲಿ ಬಿಡುತ್ತ, 'ದಿಂಬದಲ್ಲಿ ಬುಟ್ಟೆ. ಟೀ ಅಂಗ್ಡಿಗಳವೆ, ತಿನ್ಕಂಡು ಬದುಕ್ಕತದೆ,' ಅಂದರು.

ಅತ್ತೆ ಅಳಲಿಲ್ಲ, ಬೈಯಲಿಲ್ಲ. ಮುದ್ದೆ ಉಂಡರು, ತಟ್ಟೆ ತೊಳೆದಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನೊಬ್ಬಳಿಗೇ ಕೇಳುವ ಹಾಗೆ, 'ನಿನ್ ಬಾಯಿಂದ ಓಯ್ತು ಅಮ್ಮಿ. ನೀನೇ ತಕ್ಕಂಡ್ ಬಾ,' ಅಂದರು.

ಮರುದಿನ ಬೆಳಿಗ್ಗೆ ಹಾಲು ಕರೆದು, ಅಡುಗೆ ಮಾಡಿಟ್ಟು, ಮಗಳನ್ನು ಸ್ಕೂಲಿಗೆ ಕಳಿಸಿ, ಮುಚ್ಚಳವಿರುವ ಬಿದಿರಿನ ಬುಟ್ಟಿ ತೆಗೆದುಕೊಂಡು ನಾನು ಹೊರಟೆ. ಅತ್ತೆ ಹೇಳಿದರೆಂದು ಹೋದೆನೆಂದರೆ ಅದು ಅರ್ಧ ನಿಜ. ಇನ್ನರ್ಧ ನನ್ನ ಸ್ವಂತ ಸಿಟ್ಟು. ಡಾಕ್ಟರ ಬಳಿ ಹೋದದ್ದು ನಾನು. ಆಟೋದಲ್ಲಿ ಹಿಡಿದುಕೊಂಡದ್ದು ನಾನು. ಅತ್ತೆಯ ಮಾತ್ರೆ, ಔಷಧಿ ನೋಡುವವಳು ನಾನು. ಏನು ಮಾಡೋಣ ಎಂದು ಒಂದು ಮಾತು ನನ್ನನ್ನಾಗಲಿ, ಉಬ್ಬಸ ಪಟ್ಟವರನ್ನಾಗಲಿ ಕೇಳದೆ ಒಂದು ಜೀವವನ್ನು ರಸ್ತೆಯಲ್ಲಿ ಬಿಟ್ಟು ಬಂದಿದ್ದರು. ಕೊಟ್ಟಿಗೆಯಲ್ಲಿದ್ದ ಗಂಡ, 'ಎಲ್ಗ?' ಅಂದರು. 'ದಿಂಬಕ್ಕ,' ಅಂದೆ. ಹದಿನೆಂಟು ವರ್ಷದಲ್ಲಿ ನಾನು ಅವರ ಉತ್ತರಕ್ಕೆ ಕಾಯದೆ ಹೊರಟದ್ದು ಅದೇ ಮೊದಲು.

ದಿಂಬದಲ್ಲಿ ಇಳಿದಾಗ ಮಂಜು ಇನ್ನೂ ಹರಿದಿರಲಿಲ್ಲ. ಘಾಟಿ ಹತ್ತಿ ಬಂದ ಲಾರಿಗಳು ಬಿಸಿ ಆರಿಸಿಕೊಳ್ಳುತ್ತ ಸಾಲಾಗಿ ನಿಂತಿದ್ದವು. ಟೀ ಅಂಗಡಿಗಳ ಮುಂದೆ ಡ್ರೈವರುಗಳು, ತಗಡಿನ ಮೇಲೆ ಮಂಗಗಳು, ಕೆಳಗೆ ನಾಯಿಗಳು. ನಾನು ಎರಡು ಅಂಗಡಿಗಳಲ್ಲಿ ಬೆಕ್ಕು ಕಂಡಿರಾ ಎಂದು ಕೇಳಿದೆ, ನಕ್ಕರು. ಮೂರನೆಯ ಅಂಗಡಿಯ ಹೆಂಗಸು ಬೋಂಡ ತಿರುವುತ್ತಿದ್ದವಳು, 'ಪೂನೈಯಾ?' ಅಂದು ಸೌಟಿನಿಂದಲೇ ಹಿಂದೆ ತೋರಿಸಿದಳು. ನಿನ್ನೆ ಮಧ್ಯಾಹ್ನದಿಂದ ಅಲ್ಲೇ ಕೂತಿದೆ, ಹಾಲು ಇಟ್ಟರೂ ಇಳಿಯುತ್ತಿಲ್ಲ, ನಾಯಿಗೆ ಹೆದರಿದೆ ಎಂದು ತಮಿಳಿನಲ್ಲಿ ಹೇಳಿದಳು. ಅಂಗಡಿಯ ಹಿಂದೆ ಒಂದು ಸೀಳಿದ ಮರ. ಅದರ ಕವಲಿನಲ್ಲಿ ನಮ್ಮ ಬೆಕ್ಕು ಮೈ ಉಬ್ಬಿಸಿಕೊಂಡು ಕೂತಿತ್ತು.

ನಾನು ಬುಟ್ಟಿ ತೋರಿಸಿದೆ. ಅಂಗಡಿಯವಳು ಕೊಟ್ಟ ಮೀನಿನ ತಲೆ ತೋರಿಸಿದೆ. ನಾಲಿಗೆ ಚಪ್ಪರಿಸಿ ಕರೆದೆ. ಅದು ನನ್ನನ್ನು ನೋಡಿತೇ ಹೊರತು ಕದಲಲಿಲ್ಲ. ಕದಲುವುದೇಕೆ? ಎರಡು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಕರೆದಿರಲಿಲ್ಲ. 'ಶೂ' ಎಂದು ಓಡಿಸಿದ್ದೆ ಅಷ್ಟೆ. ಅದಕ್ಕೆ ಗೊತ್ತಿದ್ದದ್ದು ಒಂದೇ ಕೂಗು. ಅಷ್ಟು ಹೊತ್ತಿಗೆ ಟೀ ಲೋಟ ಹಿಡಿದುಕೊಂಡ ಏಳೆಂಟು ಡ್ರೈವರುಗಳು ಸುತ್ತ ಬಂದು ನಿಂತಿದ್ದರು. ನನಗೆ ಮುಖವೆಲ್ಲ ಬೆಚ್ಚಗಾಯಿತು. ಆದರೂ ಸೆರಗು ಬಿಗಿದುಕೊಂಡು, ಅತ್ತೆ ಎಳೆಯುವ ಹಾಗೆಯೇ ಕೂಗಿನ ಕೊನೆಯನ್ನು ಎಳೆದು, 'ಬಾ ಕೂಸೆ, ಬಾ ಕೂಸೆ, ಬಾ' ಎಂದು ಕೂಗಿದೆ. ಯಾರೋ ನಕ್ಕರು. ಇನ್ನೂ ಗಟ್ಟಿಯಾಗಿ ಕೂಗಿದೆ. ಬೆಕ್ಕು ಕಿವಿ ತಿರುಗಿಸಿತು. ಹಿಂದುಹಿಂದಾಗಿ ಇಳಿದು, ಕೊನೆಯ ಮಾರು ಜಾರಿ, ನನ್ನ ತೋಳಿಗೆ ಉಗುರು ಹಾಕಿ ನೇತುಬಿದ್ದಿತು. ಆ ಗೀರು ಈಗಲೂ ಬಿಳಿಯ ಎಳೆಯಾಗಿ ಉಳಿದಿದೆ.

ವಾಪಸು ಬಸ್ಸಿನ ಕಂಡಕ್ಟರು ಬುಟ್ಟಿಯೊಳಗಿನ ಸದ್ದು ಕೇಳಿ ತಡೆದರು. ಬೆಕ್ಕು ಹತ್ತಿಸಬಾರದು, ಡ್ರೈವರಿಗೆ ಅಪಶಕುನ, ಘಾಟಿ ರಸ್ತೆ ಅಂದರು. ನನಗೆ ಬರುವ ತಮಿಳಿನಲ್ಲಿ ನಾನು ಹೇಳಿದೆ: 'ತಿರುವುಗಳೆಲ್ಲ ಹತ್ತಿ ಮುಗೀತಲ್ಲಣ್ಣ. ಇನ್ನು ನೇರ ದಾರಿ. ಅಪಶಕುನ ಆಗೋದಿದ್ರೆ ಕೆಳಗೇ ಆಗ್ತಿತ್ತು.' ಡ್ರೈವರಿಗೆ ನಗು ಬಂದು, ಹತ್ತಲಿ ಬಿಡು ಅಂದರು. ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಆಸನೂರು ದಾಟುವವರೆಗೆ ಅದು ಅರಚುತ್ತಲೇ ಇತ್ತು. ನಾನು ಯಾರ ಕಡೆಗೂ ನೋಡಲಿಲ್ಲ.

ಅಂಗಳದಲ್ಲಿ ಗಂಡ ನಿಂತಿದ್ದರು. ಜಗಲಿಯಲ್ಲಿ ಅತ್ತೆ.

'ಅವ್ವನ ತುಟಿ ನೀಲಿ ಆಗಿದ್ದ ನೀ ಕಂಡಿಲ್ವಾ?' ಅಂದರು ಗಂಡ. ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೇ ನನಗೆ ಉತ್ತರ ಕೊಡುವುದು ಕಷ್ಟವಾಯಿತು.

'ಕಂಡಿವ್ನಿ. ನನ್ ತೋಳಲ್ಲೇ ಆಗಿದ್ದು,' ಅಂದೆ. 'ಡಾಕ್ಟ್ರು ಎರಡು ದಾರಿ ಹೇಳುದ್ರು. ನೀವು ಒಂದ ಮಾಡುದ್ರಿ, ಕೇಳ್ದೆ. ಇನ್ನೊಂದ ನಾ ಮಾಡ್ತಿನಿ, ಏಳ್ಬುಟ್ಟು. ಈ ಬೆಕ್ಕು ಇವತ್ತಿಂದ ಒಸ್ಲು ದಾಟಂಗಿಲ್ಲ. ಒರಗ ಇರ್ತದ.'

ಅತ್ತೆ ಜಗಲಿಯಿಂದ ಇಳಿದು ಎರಡೂ ಕೈ ಚಾಚಿದರು. ನಾನು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡೆ.

'ನೀವೂ ಮುಟ್ಟಂಗಿಲ್ಲ ಅತ್ತೆ.'

'ಮುಟ್ಟದಿದ್ರೆ ಇನ್ಯಾಕ್ ತಂದೆ? ನೋಡಕಾ?'

'ಊಂ, ನೋಡಕೆಯ.'

ತಾಯಿ, ಮಗ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಮುನಿಸಿಕೊಂಡದ್ದು ಆ ಸಂಜೆ. ನನಗೇನೂ ಅನ್ನಿಸಲಿಲ್ಲ. ಕೆಲಸ ಇತ್ತು. ಮೂರು ದಿನ ಮನೆ ತೊಳೆದೆ. ಕಾಳಿನ ಕೋಣೆಯ ಚೀಲಗಳನ್ನೆಲ್ಲ ಅಂಗಳಕ್ಕೆ ಹಾಕಿ, ಗೋಡೆಗೆ ಸುಣ್ಣ ಹೊಡೆದೆ. ಅತ್ತೆಯ ಹಳೆಯ ಕಂಬಳಿಯನ್ನು ಹಂಡೆಯಲ್ಲಿ ಕುದಿಸಿದೆ. ಅದು ಕುಗ್ಗಿ ಕಾಲೊರಸು ಆಗಿಹೋಯಿತು, ಅದಕ್ಕೂ ಬೈಸಿಕೊಂಡೆ. ಅವರ ಮಲಗುವ ಜಾಗವನ್ನು ರಸ್ತೆ ಕಡೆಯ ಕಿಟಕಿ ಇರುವ ಕೋಣೆಗೆ ಬದಲಾಯಿಸಿದೆ. ಬೆಕ್ಕಿಗೆ ಊಟ ಹಾಕುವ ಕೆಲಸ ನನ್ನದಾಯಿತು. ಅದಕ್ಕೆಂದೇ ಹಳೆಯ ನೈಟಿಯೊಂದನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ. ಅದನ್ನು ತೊಟ್ಟೇ ಬೆಕ್ಕಿನ ಹತ್ತಿರ ಹೋಗುವುದು, ಕಳಚಿಟ್ಟು ಕೈ ಮುಖ ತೊಳೆದೇ ಒಳಗೆ ಬರುವುದು. ಇಲಿಯ ಬಗ್ಗೆ ಹೆದರಿದ್ದೆವು. ಕಾಳನ್ನು ತಗಡಿನ ಡ್ರಮ್ಮಿಗೆ ತುಂಬಿದೆವು. ಅಂಗಳ, ಕೊಟ್ಟಿಗೆ, ಹುಲ್ಲಿನ ಮೆದೆ ಬೆಕ್ಕಿನ ಪಾಲಿಗೆ ಬಂದವು. ಇಲಿಗಳು ಒಳಗೆ ಬರುವ ದಾರಿ ಅದೇ ಆದ್ದರಿಂದ ಅದರ ಕೆಲಸವೇನೂ ತಪ್ಪಲಿಲ್ಲ.

ಹೊರಗೆ ಇಡುವುದೆಂದರೆ ಹೇಳಿದಷ್ಟು ಸುಲಭವಲ್ಲ. ನಮ್ಮ ಊರಿನಲ್ಲಿ ಕತ್ತಲಾದ ಮೇಲೆ ಹೊರಗಿರುವ ಪ್ರಾಣಿಗೆ ಭರವಸೆ ಕಡಿಮೆ. ಅದೇ ತಿಂಗಳು ಪಕ್ಕದ ಹೊಲದವರ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ಅತ್ತೆ ಕಿಟಕಿಯಿಂದ ಹೊರಗೆ ನೋಡಿಕೊಂಡು ಕೂರುತ್ತಿದ್ದರು. ಒಂದು ಮಧ್ಯಾಹ್ನ ನಾನು ಹೊಲದಿಂದ ಬಂದಾಗ ಕೊಟ್ಟಿಗೆಯಲ್ಲಿ ಸುತ್ತಿಗೆಯ ಸದ್ದು. ನನ್ನ ಗಂಡ ಟೊಮೆಟೊ ಪೆಟ್ಟಿಗೆಯ ಹಲಗೆಗಳನ್ನು ಕಿತ್ತು ಜೋಡಿಸಿ, ಒಂದು ಗೂಡು ಮಾಡಿ, ಅದನ್ನು ಕೊಟ್ಟಿಗೆಯ ಸೂರಿನ ತೊಲೆಗೆ ಬಿಗಿಯುತ್ತಿದ್ದರು. ಬಾಯಿಗೆ ಕಂಬಿಯ ಜಾಲರಿ, ಅದರಲ್ಲಿ ಬೆಕ್ಕು ನುಸುಳುವಷ್ಟೇ ತೂತು. ಒಳಗೆ ಗೋಣಿತಟ್ಟು. ನಾನು ನಿಂತು ನೋಡಿದೆ.

'ಏನ್ ನೋಡ್ತಿ? ಮೊಳೆ ಕೊಡು,' ಅಂದರು.

ನಾನು ಮೊಳೆ ಕೊಟ್ಟೆ. ದಿಂಬದ ವಿಷಯವನ್ನು ನಾವಿಬ್ಬರೂ ಇವತ್ತಿನವರೆಗೆ ಮತ್ತೆ ಎತ್ತಿಲ್ಲ.

ಊರು ಎತ್ತಿತು. ನೀರು ಹಿಡಿಯುವ ಕಡೆ, ಅಂಗಡಿಯ ಮುಂದೆ, ಬಸ್ಸಿನಲ್ಲಿ. ಬೆಕ್ಕನ್ನು ಹುಡುಕಿಕೊಂಡು ದಿಂಬಕ್ಕೆ ಹೋದವಳು ಎಂದು ನಗುವವರಿದ್ದರು, ಅದು ಹೋಗಲಿ. ಆದರೆ ನನ್ನ ಗಂಡನ ಅಕ್ಕ ಬಂದದ್ದು ನಗುವುದಕ್ಕಲ್ಲ. ಅವರನ್ನು ತಾಳವಾಡಿಗೆ ಕೊಟ್ಟಿದೆ. ಬಂದವರು ನೀರು ಕೂಡ ಮುಟ್ಟದೆ, ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಬೆಕ್ಕನ್ನು ನೋಡಿ ನನ್ನ ಕಡೆ ತಿರುಗಿದರು.

'ಡಾಕ್ಟ್ರು ಬ್ಯಾಡ ಅಂದ ಮ್ಯಾಲೂ ಮಡಿಕಂಡಿದ್ದೀಯಲ್ಲ, ಏನ್ ಲೆಕ್ಕ? ನಮ್ಮವ್ವ ಒಂಟೋದ್ರೆ ಸಾಕು ಅಂತಾನಾ?'

ಅಂಥ ಮಾತು ಯಾರಾದರೂ ಆಡಬಹುದೆಂದು ನಾನು ಎಣಿಸಿರಲಿಲ್ಲ. ಸೊಸೆ ಬೆಕ್ಕಿನ ಮೂಲಕ ಅತ್ತೆಯನ್ನು ಸಾಯಿಸುತ್ತಿದ್ದಾಳೆ. ಔಷಧಿ ಎಷ್ಟು ಹೊತ್ತಿಗೆ ಕೊಡುತ್ತೇನೆ, ಹೊದಿಕೆ ವಾರಕ್ಕೆ ಎಷ್ಟು ಸಲ ಒಗೆಯುತ್ತೇನೆ ಎಂದು ಒಪ್ಪಿಸಲು ಹೊರಟಿದ್ದೆ. ಅಷ್ಟರಲ್ಲಿ ಅತ್ತೆ ಜಗಲಿಯಿಂದ, 'ಅವಳ್ನ ಯಾಕಮ್ಮಿ ಕೇಳಿಯೆ? ನನ್ ಕೇಳು,' ಅಂದರು.

'ನಿನ್ಗ ಬುದ್ಧಿ ಇಲ್ಲ ಕಣವ್ವ, ಅದ್ಕೆ ಇವಳ್ನ ಕೇಳ್ದೆ.'

'ಬುದ್ಧಿ ಅದೆ. ನಿಂಗ ನಿಮ್ಮಪ್ಪನ್ಗ ಬೀಡಿ ಬುಡುಸಕ್ಕಾಯ್ತಾ? ಸಾಯಗಂಟ ಸೇದ್ಕಂಡೇ ಓದ. ಆಗ ಯಾರೂ ಬಂದು ಏನ್ ಲೆಕ್ಕ ಅನ್ನಲಿಲ್ಲ. ನಾ ಒಂದ್ ಬೆಕ್ಕ ದೂರದಿಂದ ನೋಡುದ್ರೆ ನಿಂಗೆಲ್ಲ ನನ್ ಉಸ್ರು ಗ್ಯಾನಕ್ಕೆ ಬಂದದಾ?'

ಅತ್ತೆ ಮಾತು ಮುಗಿಸಿರಲಿಲ್ಲ. 'ನನ್ ಸೊಸೆ ಆ ಔಷಧಿನ ಬೆಳಗ್ಗೆ ಸಂಜೆ ಕತ್ತಿನ ಮ್ಯಾಲೆ ಕೂತು ಎಳಸ್ತಾಳೆ. ಅವಳ್ನ ಅನ್ಬ್ಯಾಡ,' ಅಂದರು.

ನನ್ನ ಸೊಸೆ ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲೋ, ಹಿಂದೆ ಅಂದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲವೋ ಗೊತ್ತಿಲ್ಲ. ನಾನು ಒಳಗೆ ಹೋಗಿ ಕಾಫಿ ಇಟ್ಟೆ. ಅಕ್ಕ ಕುಡಿದರು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಗೆದ್ದೆ ಎಂದು ಹೇಳಬಹುದಿತ್ತು. ಚಳಿ ಶುರುವಾದ ಮೇಲೆ ಅತ್ತೆಗೆ ಮತ್ತೆ ಉಬ್ಬಸ ಹೆಚ್ಚಾಯಿತು. ಬೆಕ್ಕು ಹೊಸ್ತಿಲು ದಾಟಿರಲಿಲ್ಲ, ಔಷಧಿ ತಪ್ಪಿರಲಿಲ್ಲ. ಆದರೂ ಸಂಜೆಯಾದರೆ ಸಿಳ್ಳೆ. ಒಂದು ಸಂಜೆ ಮತ್ತೆ ತಾಳವಾಡಿಗೆ ಓಡಿದೆವು. ಗಂಡ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮೊದಲ ಬಾರಿಗೆ, ಇದು ನನ್ನ ಹಟವೋ ಏನೋ ಅಂದುಕೊಂಡೆ. ಬೆಕ್ಕನ್ನು ಬೇಕೆಂದದ್ದು ಅತ್ತೆ ಸರಿ. ಆದರೆ ಸಾಧಿಸುತ್ತಿರುವುದು ನಾನಲ್ಲವೇ?

ಎರಡು ದಿನ ಬಿಟ್ಟು ಅವರ ಸೀರೆಗಳನ್ನು ಒಗೆಯಲು ತೆಗೆದಾಗ ಒಂದರ ಮಡಿಲಲ್ಲಿ ಬೂದಿ ಬಣ್ಣದ ಕೂದಲು ಕಂಡಿತು. ಒಂದೆರಡಲ್ಲ, ಹಾಸಿದ ಹಾಗೆ. ಮರುದಿನ ಹೊಲದಿಂದ ಮಧ್ಯಾಹ್ನವೇ ಬಂದೆ. ಅತ್ತೆ ಕೊಟ್ಟಿಗೆಯಲ್ಲಿ, ಹುಲ್ಲಿನ ಕಂತೆಯ ಮೇಲೆ ಕೂತಿದ್ದರು. ಬೆಕ್ಕು ಅವರ ತೊಡೆಯ ಮೇಲೆ ಸುರುಳಿಯಾಗಿ ಮಲಗಿತ್ತು. ಅತ್ತೆಯ ಕಣ್ಣು ಕೆಂಪಗೆ, ಮೂಗಿನಿಂದ ನೀರು. ಕೈ ಬೆಕ್ಕಿನ ಬೆನ್ನ ಮೇಲೆ ಆಡುತ್ತಲೇ ಇತ್ತು.

ನಾನು ಅತ್ತೆಯ ಮೇಲೆ ದನಿ ಎತ್ತಿದೆ. ಆ ಮನೆಯಲ್ಲಿ ಯಾರೂ ಅವರ ಮೇಲೆ ದನಿ ಎತ್ತಿರಲಿಲ್ಲ. 'ಊರೆಲ್ಲ ನನ್ನ ಕೊಲೆಗಾತಿ ಅಂತದೆ ಅತ್ತೆ. ನಿಮ್ಗಾಗಿ ನಾ ಗಂಡನ್ ಎದ್ರು ನಿಂತೆ. ನೀವು ಕದ್ದು ಇಂಗ್ ಮಾಡುದ್ರೆ ನಾ ಯಾರ್ ಮುಖ ನೋಡ್ಲಿ?' ಇನ್ನೂ ಏನೇನೋ ಅಂದೆ. ಎಮ್ಮೆ ತಿರುಗಿ ನೋಡಿತು.

ಅತ್ತೆ ಬೆಕ್ಕನ್ನು ಕೆಳಗಿಳಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಉಸಿರಿಗೆ ಸ್ವಲ್ಪ ಕಾದು ಹೇಳಿದರು: 'ನಿಮ್ ಮಾವ ಓಗಿ ಏಳು ವರ್ಸ. ಕೂಸು ದೊಡ್ಡದಾಯ್ತು, ಮಡ್ಲಿಗ್ ಬರಲ್ಲ. ನೀ ಔಷಧಿ ಕೊಡ್ತಿ, ಅನ್ನ ಕೊಡ್ತಿ, ಕೈ ತಾಕ್ದಂಗ್ ಕೊಡ್ತಿ. ಅದೊಂದೇ ಕಣವ್ವ ಬಂದು ನನ್ ಮ್ಯಾಲೆ ಕೂರದು.'

ನಿಜವಾಗಿಯೂ ನಾನು ಲೋಟವನ್ನು ಕೈಗೆ ಕೊಡುತ್ತಿರಲಿಲ್ಲ, ಪಕ್ಕದಲ್ಲಿಡುತ್ತಿದ್ದೆ. ಅದು ಬೇಕೆಂದು ಮಾಡಿದ್ದಲ್ಲ, ಮೊದಲಿನಿಂದ ಬಂದ ರೂಢಿ. ಅವರನ್ನು ಎಬ್ಬಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ, ಬಿಸಿನೀರು ಕೊಟ್ಟು ಸೀರೆ ಬದಲಾಯಿಸಿದೆ. ತಲೆಯಲ್ಲೂ ಆ ಧೂಳು ಇರುತ್ತದೆಂದು ತಲೆಗೂ ನೀರು ಹಾಕಿದೆ. ಒಣಗಿದ ಮೇಲೆ ಎಣ್ಣೆ ಹಚ್ಚಿ ಬಾಚಿದೆ. ಅವರು ನನ್ನ ಮೊಣಕಾಲಿಗೆ ಒರಗಿ ಕೂತರು. ಅವತ್ತಿನಿಂದ ಅವರ ತಲೆ ಬಾಚುವುದು ನನ್ನ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಅವರೇ ಹಣಿಗೆ ತಂದು ಕೂರುತ್ತಾರೆ.

ಬೆಕ್ಕನ್ನು ಮುಟ್ಟುವುದನ್ನು ಅವರು ಪೂರ್ತಿ ಬಿಟ್ಟರೇ? ಇಲ್ಲ. ನಾನು ಬಿಡಿಸಲೂ ಇಲ್ಲ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಅವರು, ಬೆಕ್ಕನ್ನು ಕೊಟ್ಟುಬಿಡಿ ಅನ್ನುವುದೇ ನನ್ನ ಸಲಹೆ, ಅದನ್ನು ಬದಲಾಯಿಸುವುದಿಲ್ಲ ಅಂದರು. ಅತ್ತೆ, 'ಕೊಡಲ್ಲ ಕಣವ್ವ' ಅಂದರು. ಡಾಕ್ಟರು, 'ಹಾಗಾದ್ರೆ ಲೆಕ್ಕ ಇಟ್ಟು ಮುಟ್ಟಿ ಅಜ್ಜಿ. ಕದ್ದು ಮಾತ್ರ ಮುಟ್ಟಬೇಡಿ,' ಅಂದರು. ಔಷಧಿಯನ್ನು ಸ್ವಲ್ಪ ಹೆಚ್ಚಿಸಿದರು. ಹಾಗಾಗಿ ಭಾನುವಾರ ಬೆಳಿಗ್ಗೆ, ಔಷಧಿ ಎಳೆದುಕೊಂಡ ಮೇಲೆ, ಬಯಲಿನಲ್ಲಿ, ಹಳೆಯ ಸೀರೆ ಉಟ್ಟು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸ್ವಲ್ಪ ಹೊತ್ತು ಅತ್ತೆ ಬೆಕ್ಕನ್ನು ಮುಟ್ಟುತ್ತಾರೆ. ಮುಗಿದ ಕೂಡಲೇ ಸ್ನಾನ. ಅವರು ಒಂದಕ್ಕೂ ತಕರಾರು ಮಾಡಿಲ್ಲ. ಆ ಬಟ್ಟೆ ಕಟ್ಟಿಕೊಂಡರೆ ಕಳ್ಳಿಯ ಹಾಗೆ ಕಾಣುತ್ತೀರಿ ಎಂದು ಮೊಮ್ಮಗಳು ನಗುತ್ತಾಳೆ. ಅಜ್ಜಿಯ ಪಕ್ಕದಲ್ಲಿ ಅವಳೂ ಕೂರುತ್ತಾಳೆ.

ನಾನು ಮಾಡಿದ್ದೇ ಸರಿ, ಎಲ್ಲರೂ ಹೀಗೇ ಮಾಡಿ ಎಂದು ಹೇಳುವುದಿಲ್ಲ. ಉಬ್ಬಸ ನನ್ನ ಮಗಳಿಗೆ ಇದ್ದಿದ್ದರೆ, ಅವಳು ಚಿಕ್ಕವಳಾಗಿದ್ದರೆ, ನಾನೇ ಬೆಕ್ಕನ್ನು ಒಳ್ಳೆಯ ಮನೆ ನೋಡಿ ಕೊಟ್ಟು ಬರುತ್ತಿದ್ದೆ. ಮಗು ತನ್ನ ಉಸಿರಿನ ಬಗ್ಗೆ ತೀರ್ಮಾನ ಮಾಡಲಾರದು. ಆದರೆ ಎಪ್ಪತ್ತು ದಾಟಿದ, ಬುದ್ಧಿ ನೆಟ್ಟಗಿರುವ, ಹೊಲದ ಮೂಲೆ ಮೂಲೆಯಲ್ಲಿ ಯಾವ ವರ್ಷ ಏನು ಬಿತ್ತಿದೆವೆಂದು ಇವತ್ತಿಗೂ ತಪ್ಪಿಲ್ಲದೆ ಹೇಳುವ ಹೆಂಗಸಿಗೆ, ನಿನಗೆ ಯಾವುದು ಬೇಕು ಎಂದು ಕೇಳದೆ ಇದ್ದದ್ದು ಮಾತ್ರ ತಪ್ಪು. ಆ ತಪ್ಪನ್ನು ನಾನೂ ಮಾಡಿದೆ. ಡಾಕ್ಟರ ಮುಂದೆ ನಾನು ಹೇಳಿದ ನಿಜ ಹೇಳಲೇಬೇಕಾಗಿತ್ತು, ಇನ್ನೊಮ್ಮೆ ಆದರೂ ಹೇಳುತ್ತೇನೆ. ಹೇಳಿದ ಮೇಲೆ ಮನೆಗೆ ಬಂದು ಗಂಡನ ಮುಂದೆ ವರದಿ ಒಪ್ಪಿಸುವ ಬದಲು ಅತ್ತೆಯ ಎದುರು ಕೂರಬೇಕಿತ್ತು.

ಅತ್ತೆಗೆ ಈಗಲೂ ಸೀನು ಬರುತ್ತದೆ. ಚಳಿಗಾಲದಲ್ಲಿ ಒಂದೆರಡು ಕೆಟ್ಟ ದಿನಗಳು ಬರುತ್ತವೆ. ಕೊನೆಯ ಸಲ ಆಸ್ಪತ್ರೆಗೆ ಓಡಿ ಮೂರು ವರ್ಷವಾಯಿತು. ಬೆಕ್ಕಿಗೂ ವಯಸ್ಸಾಗುತ್ತಿದೆ, ತೊಲೆ ಹತ್ತುವ ಮುಂಚೆ ನಿಂತು ಯೋಚಿಸುತ್ತದೆ. ಹೋದ ವಾರ ರಾಗಿ ಒಕ್ಕಲು ಕೂಲಿಗೆ ಬಂದಿದ್ದ ಹೆಂಗಸೊಬ್ಬಳು, ಬಹಳ ವರ್ಷಗಳಿಂದ ನಮ್ಮಲ್ಲಿಗೆ ಬರುವವಳು, ಅದನ್ನು ನೋಡಿ, 'ಇನ್ನೂ ಇದ್ನ ಕಳಿಸ್ಲಿಲ್ವಾ ನೀವು?' ಅಂದಳು. ನಾನು ಬಾಯಿ ತೆರೆಯುವ ಮೊದಲೇ ಮೊರ ಹಿಡಿದು ಕೇರುತ್ತಿದ್ದ ನನ್ನ ಗಂಡ ತಲೆ ಎತ್ತದೆ ಅಂದರು: 'ಕಳಿಸದಿಲ್ಲ. ಇಲ್ಲೇ ಇರ್ತದ. ನೀ ಆ ಚೀಲ ಇತ್ತಗ್ ತಾ.'